ಅರಸೊತ್ತಿಗೆಯೋ ಗಣರಾಜ್ಯವೋ: ಬಂಕಾಪುರದ ಸುತ್ತಿನ ಜನಮತ

ಕೆರೆ ಒಡೆದು ವರ್ಷ ಕಳೆದರೂ ಏರಿ ಕಟ್ಟದಿದ್ದಾಗ, ಹೊಲದ ಒಂದು ಉತಾರಕ್ಕಾಗಿ ಕಚೇರಿಗೆ ಹತ್ತು ಸಲ ಅಲೆದಾಗ, ನಮ್ಮ ಹಿರಿಯರ ಬಾಯಿಂದ ಒಂದು ಮಾತು ಹೊರಡುತ್ತದೆ: "ಅರಸರ ಕಾಲವೇ ಲೇಸಾಗಿತ್ತು." ವಾಚಕರೇ, ಈ ಮಾತನ್ನು ನೀವೂ ಕೇಳಿದ್ದೀರಿ, ಬೇಸರದ ಒಂದು ಗಳಿಗೆಯಲ್ಲಿ ಆಡಿಯೂ ಇದ್ದೀರಿ. ಇದನ್ನು ನಕ್ಕು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ನಮ್ಮ ನಾಡಿನ ಜನ ಅರಸೊತ್ತಿಗೆಯನ್ನು ನಿಜವಾಗಿ ಹೇಗೆ ಕಂಡರು, ಯಾವ ಕಾರಣಕ್ಕೆ ಅದನ್ನು ಬಿಟ್ಟುಕೊಟ್ಟರು, ಬಿಟ್ಟುಕೊಟ್ಟ ಮೇಲೆ ಏನನ್ನು ಉಳಿಸಿಕೊಂಡರು ಎಂಬುದನ್ನು ಇತಿಹಾಸದ ಆಧಾರದಿಂದ ವಿಚಾರಿಸಿದರೆ ಮಾತ್ರ ಈ ಮಾತಿನ ತೂಕ ತಿಳಿದೀತು. ಅಂಥ ವಿಚಾರಕ್ಕೆ ಬಂಕಾಪುರದಷ್ಟು ಅನುಕೂಲವಾದ ನಿಲುಗಡೆ ಇನ್ನೊಂದಿಲ್ಲ.

ಬಂಕಾಪುರದ ಹೆಸರೇ ರಾಜಸೇವೆಯಿಂದ ಬಂದದ್ದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನ ಹೆಸರನ್ನು ಈ ಊರು ಸಾವಿರದ ನೂರು ವರ್ಷಗಳಿಂದ ಹೊತ್ತಿದೆ. ಅವನ ಮಗ ಲೋಕಾದಿತ್ಯನು ಇಲ್ಲಿಂದ ನಾಡನ್ನಾಳಿದನು. ಬಳಿಕ ಚಾಲುಕ್ಯರು, ಹಾನಗಲ್ಲಿನ ಕದಂಬರು, ವಿಜಯನಗರದವರು, ಆದಿಲಶಾಹಿಗಳು, ಸವಣೂರಿನ ನವಾಬರು, ಹೈದರಾಲಿ, ಪೇಶ್ವೆಗಳು, ಕೊನೆಗೆ ಇಂಗ್ಲಿಷರು ಹೀಗೆ ಒಬ್ಬರಾದ ಮೇಲೊಬ್ಬರು ಈ ಕೋಟೆಗೆ ಒಡೆಯರಾದರು. ನಗರೇಶ್ವರ ದೇವಾಲಯದ ಕಂಬಗಳ ನಡುವೆ ನಿಂತವನಿಗೆ ಎಷ್ಟು ಪ್ರಭುತ್ವಗಳು ಇಲ್ಲಿ ಬಂದು ಹೋದವೆಂಬುದು ತಾನಾಗಿ ಹೊಳೆಯುತ್ತದೆ.

ಆದರೆ ಈ ಕೋಟೆಯಲ್ಲೇ ದೊರೆತ ಕ್ರಿ. ಶ. 1055ರ ಒಂದು ಶಾಸನವನ್ನು ಗಮನಿಸಬೇಕು. ಜಿನಾಲಯವೊಂದಕ್ಕೆ ಭೂಮಿಯನ್ನು ದಾನವಿತ್ತ ಸಂಗತಿ ಅದರಲ್ಲಿದೆ. ದಾನ ಕೊಟ್ಟವರಾರು? ಕದಂಬ ಹರಿಕೇಸರಿ ಮತ್ತು ಅವನ ರಾಣಿ ಲಚ್ಚಲದೇವಿ ಮಾತ್ರವಲ್ಲ. ಬಂಕಾಪುರದ ಐದು ಮಠಸ್ಥಾನಗಳವರು, ನಗರದ ಮಹಾಜನರು ಮತ್ತು 'ಹದಿನಾರು' ಎಂದು ಕರೆಯಲ್ಪಟ್ಟ ಸಂಘದವರೂ ಅವರೊಡನೆ ನಿಂತಿದ್ದಾರೆ. ಅರಸನಿದ್ದ ಕಾಲದಲ್ಲಿಯೂ ಊರಿಗೆ ಊರಿನದೇ ಆದ ಒಂದು ದನಿ ಇತ್ತೆಂಬುದಕ್ಕೆ ಇದು ಸಾಕ್ಷಿ. ಪ್ರಜಾಸತ್ತೆ ಎಂಬುದು ಪರದೇಶದಿಂದ ಹಡಗಿನಲ್ಲಿ ಬಂದಿಳಿದ ಸರಕೆಂದು ತಿಳಿಯುವವರು ಈ ಶಾಸನವನ್ನು ಮರೆಯಬಾರದು. ಹಾಗೆಂದು ಅದನ್ನೇ ಗಣರಾಜ್ಯವೆಂದು ಹಿಗ್ಗುವುದೂ ಅತಿಶಯೋಕ್ತಿಯಾದೀತು. ಊರಿನ ವಿಷಯದಲ್ಲಿ ಮಹಾಜನರ ಮಾತು ನಡೆಯುತ್ತಿತ್ತು. ನಾಡಿನ ವಿಷಯದಲ್ಲಿ ಅರಸನ ಮಾತು ನಡೆಯುತ್ತಿತ್ತು. ನಾಡಿನ ವಿಷಯವೂ ಜನರದೇ ಎಂಬ ಭಾವನೆ ಮೂಡಲು ಮುಂದೆ ಎಂಟು ಶತಮಾನಗಳೇ ಬೇಕಾದವು.

ಇನ್ನು ಸ್ವಾತಂತ್ರ್ಯಪೂರ್ವದ ಭೂಪಟವನ್ನು ಮನಸ್ಸಿಗೆ ತಂದುಕೊಳ್ಳಿರಿ. ಬಂಕಾಪುರ ತಾಲೂಕು ಧಾರವಾಡ ಜಿಲ್ಲೆಯಲ್ಲಿ, ಎಂದರೆ ಮುಂಬಯಿ ಇಲಾಖೆಯಲ್ಲಿ, ಇಂಗ್ಲಿಷರ ನೇರ ಆಳ್ವಿಕೆಗೆ ಸೇರಿತ್ತು. ಅದರ ಕಚೇರಿ ಇದ್ದದ್ದು ಶಿಗ್ಗಾವಿಯಲ್ಲಿ. ಕೆಲವೇ ಹರದಾರಿ ಮೂಡಣಕ್ಕೆ ನಡೆದರೆ ಸವಣೂರು ನವಾಬರ ಸಂಸ್ಥಾನ. ಉತ್ತರಕ್ಕೆ ಕುಂದಗೋಳ, ಅದು ಜಮಖಂಡಿಯ ಪಟವರ್ಧನರದು. ಈಶಾನ್ಯಕ್ಕೆ ಲಕ್ಷ್ಮೇಶ್ವರ ಮಿರಜಿನವರದು, ಶಿರಹಟ್ಟಿ ಸಾಂಗಲಿಯವರದು. ಇನ್ನೂ ಮುಂದೆ ಕೊಪ್ಪಳದ ಕಡೆ ನಿಜಾಮರ ಸೀಮೆ. ದಕ್ಷಿಣಕ್ಕೆ ಹಿರೇಕೆರೂರು ದಾಟಿದರೆ ಶಿಕಾರಿಪುರ. ಅದು ಮೈಸೂರು ಮಹಾರಾಜರ ರಾಜ್ಯ. ಬಂಕಾಪುರದ ಒಬ್ಬ ಒಕ್ಕಲಿಗನು ಚಕ್ಕಡಿ ಹೂಡಿ ಎರಡು ಮೂರು ದಿನ ತಿರುಗಿದರೆ ಆರು ಬಗೆಯ ಪ್ರಭುತ್ವಗಳನ್ನು ಕಂಡುಬರಬಹುದಾಗಿತ್ತು. ಮಗಳನ್ನು ಕೊಟ್ಟ ಊರು ಒಬ್ಬ ದೊರೆಯದು, ದನ ತಂದ ಸಂತೆ ಇನ್ನೊಬ್ಬನದು, ಜಾತ್ರೆಗೆ ಹೋಗುವ ಮಠ ಮತ್ತೊಬ್ಬನದು. ಆದಕಾರಣ ಅರಸೊತ್ತಿಗೆಯ ಗುಣದೋಷಗಳು ಈ ಭಾಗದ ಜನಕ್ಕೆ ಪುಸ್ತಕದಿಂದ ತಿಳಿದವಲ್ಲ. ತೆರಿಗೆ, ಸುಂಕ, ನ್ಯಾಯ, ಶಾಲೆ ಇವುಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡುವ ಅವಕಾಶ ಅವರಿಗಿತ್ತು.

ಮೊದಲಿಗೆ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಈ ನಾಡಿನಲ್ಲಿ ಪರಕೀಯರ ವಿರುದ್ಧ ನಡೆದ ಮೊದಲ ಕಾದಾಟಗಳು ಅರಸೊತ್ತಿಗೆಯನ್ನು ಉಳಿಸಿಕೊಳ್ಳಲೆಂದೇ ನಡೆದವು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಬೆನ್ನಿಗೆ ಜನ ನಿಂತದ್ದು ತಮ್ಮ ಸಂಸ್ಥಾನದ ದತ್ತಕದ ಹಕ್ಕಿಗಾಗಿ. ಸಂಗೊಳ್ಳಿ ರಾಯಣ್ಣನು ಹಳ್ಳಿ ಹಳ್ಳಿಗಳ ಬಡವರನ್ನು ಕಟ್ಟಿಕೊಂಡು ಹೋರಾಡಿದ್ದು ಆ ದತ್ತುಪುತ್ರನನ್ನು ಗಾದಿಗೆ ತರುವುದಕ್ಕಾಗಿ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನು ಗಲ್ಲಿಗೇರಿದಾಗ ಜನ ಅತ್ತದ್ದು ತಮ್ಮ ದೊರೆತನಕ್ಕಾಗಿ ಪ್ರಾಣವಿತ್ತ ಬಂಟನಿಗಾಗಿ. ಸ್ವಂತ ಅರಸನೆಂದರೆ ಸ್ವಂತ ನಾಡು, ಅರಸು ಹೋದರೆ ನಾಡು ಹೋದಂತೆ ಎಂಬುದು ಅಂದಿನ ಜನಮತ.

ಅದೇ ಹೊತ್ತಿನಲ್ಲಿ ನಮ್ಮ ದಕ್ಷಿಣದ ಗಡಿಯಾಚೆ ನಗರ ಸೀಮೆಯಲ್ಲಿ ಬೇರೊಂದು ಘಟನೆ ನಡೆಯಿತು. 1830ರಲ್ಲಿ ಅಲ್ಲಿಯ ರೈತರು ಕಂದಾಯದ ಹೊರೆಯನ್ನೂ ಅಧಿಕಾರಿಗಳ ಸುಲಿಗೆಯನ್ನೂ ತಾಳಲಾರದೆ ಕೂಟಗಳನ್ನು ಕಟ್ಟಿದರು, ಕಂದಾಯ ಕೊಡೆವೆಂದರು. ಇದು ಪರದೇಶದವರ ವಿರುದ್ಧವಲ್ಲ, ತಮ್ಮದೇ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಸರಕಾರದ ವಿರುದ್ಧ. ಆದರೆ ಆ ರೈತರು ಮಾಡಿದ್ದೇನು? ಕೆಳದಿಯ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನನ್ನು ತಮ್ಮ ದೊರೆಯೆಂದು ಮುಂದೆ ನಿಲ್ಲಿಸಿದರು. ಒಬ್ಬ ಅರಸನ ಆಡಳಿತ ಬೇಡವಾದಾಗ ಇನ್ನೊಬ್ಬ ಅರಸನನ್ನು ಹುಡುಕುವುದಲ್ಲದೆ ಬೇರೆ ದಾರಿ ಅವರಿಗೆ ತೋಚಲಿಲ್ಲ. ಬಂಡಾಯದ ಫಲವಾಗಿ 1831ರಲ್ಲಿ ಇಂಗ್ಲಿಷರೇ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡರು. ಐವತ್ತು ವರ್ಷ ಬಿಡಲಿಲ್ಲ. ರೈತ ಕೇಳಿದ್ದು ನ್ಯಾಯ, ಅವನಿಗೆ ದೊರೆತದ್ದು ಕಮಿಷನರ್.

ಓದುಗರು ಈ 1830ರ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇದೇ ಸೀಮೆಯಲ್ಲಿ ನೂರ ಹನ್ನೆರಡು ವರ್ಷಗಳ ಬಳಿಕ ಏನಾಯಿತೆಂಬುದನ್ನು ಮುಂದೆ ನೋಡಲಿದ್ದೇವೆ.

1881ರಲ್ಲಿ ಮೈಸೂರು ಮರಳಿ ಒಡೆಯರ ಕೈಗೆ ಬಂದಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ಮೊದಲ ಸಭೆಗೆ ಬಂದವರು 144 ಮಂದಿ. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳುವ ಅವಕಾಶ ಮಾತ್ರವಿತ್ತು. ಆದರೂ ದೇಶೀಯ ಸಂಸ್ಥಾನಗಳಲ್ಲಿ ಅದು ಹೊಸ ಹೆಜ್ಜೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಾರಖಾನೆ, 1916ರ ವಿಶ್ವವಿದ್ಯಾಲಯ ಇವುಗಳ ಕೀರ್ತಿ ಧಾರವಾಡದ ಕಡೆಗೂ ಹಬ್ಬಿತ್ತು. ಇಂಗ್ಲಿಷರ ಆಳ್ವಿಕೆಯಲ್ಲಿದ್ದ ನಮ್ಮ ಹಿರಿಯರು ಮೈಸೂರನ್ನು ಕಂಡು ಹೆಮ್ಮೆಪಟ್ಟರೆ ಆಶ್ಚರ್ಯವಿಲ್ಲ. ಅರಸರ ಕಾಲವೇ ಲೇಸೆಂಬ ಮಾತಿಗೆ ಇಲ್ಲಿ ನಿಜವಾದ ಆಧಾರವಿದೆ.

ಅರಸೊತ್ತಿಗೆಯ ಪ್ರಶ್ನೆ ಕಠಿಣವಾಗುವುದೂ ಇಲ್ಲಿಯೇ. ದುಷ್ಟ ಅರಸನನ್ನು ಬೇಡವೆನ್ನಲು ಹೆಚ್ಚಿನ ವಿವೇಕ ಬೇಕಿಲ್ಲ. ಒಳ್ಳೆಯ ಅರಸನಿದ್ದಾಗಲೂ ಅಧಿಕಾರ ಜನರಲ್ಲಿರಬೇಕೆಂದು ಹೇಳುವುದು ಹೇಗೆ? ಮೈಸೂರಿನ ಜನ ಇದಕ್ಕೊಂದು ಉತ್ತರ ಕಂಡುಕೊಂಡರು. 1938ರಲ್ಲಿ ಮೈಸೂರು ಕಾಂಗ್ರೆಸ್ಸಿನವರು ಕೇಳಿದ್ದು ಮಹಾರಾಜರ ಛತ್ರಚ್ಛಾಯೆಯಲ್ಲಿ ಜವಾಬ್ದಾರಿ ಸರಕಾರ. ಅರಸರು ಇರಲಿ, ಮಂತ್ರಿಗಳು ಮಾತ್ರ ಜನರಿಗೆ ಉತ್ತರ ಕೊಡುವವರಾಗಲಿ ಎಂಬುದು ಅದರ ತಾತ್ಪರ್ಯ. ಆ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಬಳಿಕ ಸರದಾರ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಆದ ಒಪ್ಪಂದದಂತೆ ಸಂಸ್ಥಾನದ ಧ್ವಜ, ಕಾಂಗ್ರೆಸ್ ಧ್ವಜ ಎರಡನ್ನೂ ಹಾರಿಸಬಹುದೆಂದಾಯಿತು. ಅಂದಿನ ಜನಮತದ ಚಿತ್ರ ಬೇಕಿದ್ದರೆ ಅಕ್ಕಪಕ್ಕದಲ್ಲಿ ಹಾರಿದ ಈ ಎರಡು ಬಾವುಟಗಳೇ ಸಾಕು.

ಸಣ್ಣ ಸಂಸ್ಥಾನಗಳಲ್ಲಿ ಇಷ್ಟು ತಾಳ್ಮೆ ಎಲ್ಲೆಡೆಯೂ ಇರಲಿಲ್ಲ. 1939ರ ಏಪ್ರಿಲ್‌ನಲ್ಲಿ ರಾಮದುರ್ಗದಲ್ಲಿ ಪ್ರಜಾಸಂಘದ ಚಳವಳಿ ಸಿಡಿದು ಪೊಲೀಸರ ಪ್ರಾಣಹಾನಿಯೂ ಆಯಿತು. ಜನರ ಬೇಡಿಕೆ ನ್ಯಾಯವಾದುದಾದರೂ ಹಿಂಸೆ ಅದಕ್ಕೆ ಕಳಂಕ ತಂದಿತು. ಅದೇ ವರ್ಷದ ಜನವರಿಯಲ್ಲಿ ಔಂಧದ ಅರಸರು ಗಾಂಧೀಜಿಯವರ ಸಲಹೆಯಂತೆ ಗ್ರಾಮಪಂಚಾಯತಿಗಳ ತಳಹದಿಯ ಮೇಲೆ ತಮ್ಮ ಅಧಿಕಾರವನ್ನು ತಾವೇ ಪ್ರಜೆಗಳಿಗೆ ಒಪ್ಪಿಸಿದ್ದರು. ವಿಜಾಪುರದ ಕಡೆಯ ಗುಣದಾಳ ಸೀಮೆಯ ಕನ್ನಡಿಗರು ಔಂಧದ ಪ್ರಜೆಗಳಾಗಿದ್ದುದರಿಂದ ಈ ಪ್ರಯೋಗ ಕನ್ನಡದ ಹಳ್ಳಿಗಳಲ್ಲಿಯೂ ನಡೆಯಿತು. ಒಂದೇ ವರ್ಷದಲ್ಲಿ ಒಂದು ಗಾದಿ ಜನರ ಕೋಪ ಕಂಡಿತು, ಇನ್ನೊಂದು ಗಾದಿ ತಾನಾಗಿ ಕೆಳಗಿಳಿಯಿತು.

ಈಗ ಶಿಕಾರಿಪುರ ತಾಲೂಕಿಗೆ ಮರಳೋಣ. 1942ರ 'ಭಾರತ ಬಿಟ್ಟು ತೊಲಗಿ' ಚಳವಳಿಯಲ್ಲಿ ಹಿರೇಕೆರೂರಿನ ನೆರೆಯ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿತು. ಊರಿನ ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿಕೊಂಡಿತು. ನಗರ ಸೀಮೆಯ ಆ ಹಳೆಯ ರೈತರು ಹೊಸ ದೊರೆಯನ್ನು ಹುಡುಕಿದ್ದರು. ಈಸೂರಿನವರು ಯಾವ ದೊರೆಯನ್ನೂ ಹುಡುಕಲಿಲ್ಲ. ಊರೇ ಸರಕಾರವಾಯಿತು. ನೂರ ಹನ್ನೆರಡು ವರ್ಷಗಳಲ್ಲಿ ಜನರ ಮನಸ್ಸು ನಡೆದ ದೂರವನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ. ಆದರೆ ಆ ದೂರಕ್ಕೆ ತೆತ್ತ ಬೆಲೆ ದೊಡ್ಡದು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಒಬ್ಬ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ಅವರನ್ನು ಗಲ್ಲಿಗೇರಿಸಿದ್ದು ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರು ಸರಕಾರ ಎಂಬುದನ್ನು ಮರೆಯಬಾರದು. ಇದಾದ ಕೆಲವೇ ದಿನಗಳಲ್ಲಿ, 1943ರ ಏಪ್ರಿಲ್ 1ರಂದು, ಗಡಿಯ ಈಚೆ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಾತಿಗಳೊಡನೆ ಇಂಗ್ಲಿಷ್ ಸರಕಾರದ ಗುಂಡಿಗೆ ಬಲಿಯಾದರು. ಗಡಿಯ ಎರಡೂ ಕಡೆ ಆಳುವವರು ಬೇರೆ ಬೇರೆ. ಸತ್ತವರ ಬೇಡಿಕೆ ಮಾತ್ರ ಒಂದೇ.

1947ರ ಆಗಸ್ಟ್ 9ರಂದು ಮೈಸೂರು ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರಕಾರ ಬರಲಿಲ್ಲ. ಸ್ವಾತಂತ್ರ್ಯ ಬಂದ ಕೆಲವೇ ವಾರಗಳಲ್ಲಿ 'ಮೈಸೂರು ಚಲೋ' ಆರಂಭವಾಯಿತು, ಸೆರೆಮನೆಗಳು ತುಂಬಿದವು. ಅಕ್ಟೋಬರ್ 25ರಂದು ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿತು. ಮಹಾರಾಜರು ಅರಮನೆಯಲ್ಲಿಯೇ ಉಳಿದರು, ಅಧಿಕಾರ ಅರಮನೆಯಿಂದ ಹೊರಬಂದಿತು.

ಸವಣೂರಿನ ಕಥೆ ಇಷ್ಟು ಸದ್ದಿನದಲ್ಲ. ಮೊದಲು ಬಂಕಾಪುರದಿಂದಲೇ ಆಳುತ್ತಿದ್ದ ಈ ಪಠಾಣ ಮನೆತನ ಮುಂದೆ ಸವಣೂರನ್ನು ರಾಜಧಾನಿ ಮಾಡಿಕೊಂಡಿತು. ಒಂದು ಕಾಲಕ್ಕೆ ವಿಶಾಲ ಸೀಮೆಗೆ ಒಡೆಯರಾಗಿದ್ದ ನವಾಬರಿಗೆ ಮರಾಠರ, ಹೈದರ್‌ ಟಿಪ್ಪುಗಳ ಒತ್ತಡದಲ್ಲಿ ಕೊನೆಗೆ ಉಳಿದದ್ದು ಸುಮಾರು 70 ಚದರ ಮೈಲು. 1901ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 18,446. ಪ್ರಜೆಗಳಲ್ಲಿ ಬಹುಪಾಲು ನಮ್ಮ ನಿಮ್ಮಂಥ ಒಕ್ಕಲು ಮಕ್ಕಳು. ಶ್ರೀ ಸತ್ಯಬೋಧ ತೀರ್ಥರ ವೃಂದಾವನವೂ ದೊಡ್ಡಹುಣಸೆಯ ಮಠವೂ ನವಾಬರ ಊರಿನಲ್ಲಿಯೇ ಬಾಳಿದವು. ಮುಂದೆ ಕನ್ನಡಕ್ಕೆ ಜ್ಞಾನಪೀಠ ತಂದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಸಂಸ್ಥಾನದ ಪ್ರಜೆಯಾಗಿ. 1948ರ ಮಾರ್ಚ್ 8ರಂದು ಸವಣೂರು ದಖ್ಖನದ ಇತರ ಸಂಸ್ಥಾನಗಳೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜಮಖಂಡಿಯ ಕುಂದಗೋಳ, ಸಾಂಗಲಿಯ ಶಿರಹಟ್ಟಿ, ಮಿರಜಿನ ಲಕ್ಷ್ಮೇಶ್ವರಗಳೂ ಆ ದಿನವೇ ತಮ್ಮ ದೊರೆಗಳನ್ನು ಬಿಟ್ಟವು. ಬಂಕಾಪುರದ ಚಕ್ಕಡಿಯ ದಾರಿಯಲ್ಲಿದ್ದ ಗಡಿಗಳು ಒಮ್ಮೆಲೇ ಅಳಿಸಿಹೋದವು. ನಿಜಾಮರ ಸೀಮೆಯ ಗಡಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಳಚಿತು.

ಇಲ್ಲಿ ವಿಚಾರವಂತರಾದ ನೀವು ಒಂದು ಪ್ರಶ್ನೆ ಕೇಳಬಹುದು: ಜನಮತ ಜನಮತವೆನ್ನುತ್ತೀರಲ್ಲ, ಸವಣೂರಿನ ಜನರನ್ನು ಕೇಳಿದವರಾರು? ಪ್ರಶ್ನೆ ನ್ಯಾಯವಾದದ್ದೇ. ಇಟಲಿ ದೇಶದಲ್ಲಿ 1946ರ ಜೂನ್ 2ರಂದು ಅರಸೊತ್ತಿಗೆ ಬೇಕೋ ಗಣರಾಜ್ಯ ಬೇಕೋ ಎಂದು ಮತ ಕೇಳಿದರು. ಸುಮಾರು 1 ಕೋಟಿ 27 ಲಕ್ಷ ಮಂದಿ ಗಣರಾಜ್ಯವೆಂದರು. 1 ಕೋಟಿ 7 ಲಕ್ಷ ಮಂದಿ ಅರಸನೇ ಇರಲೆಂದರು. ನಮ್ಮಲ್ಲಿ ಹಾಗೆ ಮತಪೆಟ್ಟಿಗೆ ಇಟ್ಟು ಯಾರೂ ಕೇಳಲಿಲ್ಲ. ಸವಣೂರಿನಲ್ಲಿ ಸಹಿ ಹಾಕಿದವರು ನವಾಬರು. ಮೈಸೂರಿನಲ್ಲಿ 1949ರ ನವೆಂಬರ್ 25ರಂದು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದವರು ಮಹಾರಾಜರು. ಪ್ರಜಾಸತ್ತೆಯು ಅರಸರ ಸಹಿಯಿಂದಲೇ ಬಂದಿತೆಂಬುದು ಚರಿತ್ರೆಯ ಒಂದು ವಿಚಿತ್ರ. ಆದರೆ ಆ ಸಹಿಯ ಹಿಂದೆ ವಿದುರಾಶ್ವತ್ಥವಿತ್ತು, ಈಸೂರಿತ್ತು, ಮೈಸೂರು ಚಲೋ ಇತ್ತು. ಮತಪೆಟ್ಟಿಗೆ ಬರುವ ಮೊದಲು ಜನ ತಮ್ಮ ಮತವನ್ನು ಬೀದಿಯಲ್ಲಿಯೂ ಸೆರೆಮನೆಯಲ್ಲಿಯೂ ಹೇಳಿಯಾಗಿತ್ತು.

ಮತಪೆಟ್ಟಿಗೆ ಬಂದ ಮೇಲೆ ಅವರು ಹೇಳಿದ್ದೇನು? 1950ರ ಜನವರಿ 26ರಿಂದ ಜಯಚಾಮರಾಜ ಒಡೆಯರು ಮೈಸೂರಿನ ರಾಜಪ್ರಮುಖರಾದರು. ಕರ್ನಾಟಕ ಏಕೀಕರಣಕ್ಕಾಗಿ ದುಡಿಯುತ್ತಿದ್ದ ನಮ್ಮ ಕಡೆಯವರಲ್ಲಿ, ಮೈಸೂರಿನೊಡನೆ ಕೂಡಿದರೆ ಮತ್ತೆ ಅರಸನ ಪ್ರಜೆಗಳಾಗಬೇಕೇ ಎಂಬ ಸಂಕೋಚವಿತ್ತು. ಮೈಸೂರಿನವರಲ್ಲಿ ಕೆಲವರಿಗೆ ತಮ್ಮ ಮುಂದುವರಿದ ಸೀಮೆಯ ಹಣ ಹಿಂದುಳಿದ ಉತ್ತರಕ್ಕೆ ಹರಿದೀತೆಂಬ ಅಂಜಿಕೆಯಿತ್ತು. 1956ರ ನವೆಂಬರ್ 1ರಂದು ಎರಡೂ ಗಂಟುಗಳು ಒಟ್ಟಿಗೆ ಬಿಚ್ಚಿದವು. ರಾಜಪ್ರಮುಖ ಪದವಿ ದೇಶದಲ್ಲೆಲ್ಲ ರದ್ದಾಯಿತು. ಅದೇ ಜಯಚಾಮರಾಜ ಒಡೆಯರು ವಿಶಾಲ ಮೈಸೂರಿನ ರಾಜ್ಯಪಾಲರಾದರು. ಹುಟ್ಟಿನಿಂದ ಬಂದ ಪದವಿಯನ್ನು ಕಳಚಿಟ್ಟು ರಾಷ್ಟ್ರಪತಿಗಳ ನೇಮಕದಿಂದ ಬಂದ ಪದವಿಯನ್ನು ಅವರು ಒಪ್ಪಿಕೊಂಡರು. ಅಂದು ಬಂಕಾಪುರದವರೂ ಸವಣೂರಿನವರೂ ಈಸೂರಿನವರೂ ಮೊದಲ ಬಾರಿಗೆ ಒಂದೇ ರಾಜ್ಯದ ಪೌರರಾದರು.

ಮಾಜಿ ಅರಸರಿಗೆ ಸಲ್ಲುತ್ತಿದ್ದ ರಾಜಧನವನ್ನು 1971ರ ಡಿಸೆಂಬರ್‌ನಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಕೊನೆಗಾಣಿಸಿತು. ಮೈಸೂರಿಗೆ ಗೊತ್ತಾಗಿದ್ದ ಮೊತ್ತ ವರ್ಷಕ್ಕೆ 26 ಲಕ್ಷ ರೂಪಾಯಿ. ಆದರೂ ಜನರ ಪ್ರೀತಿ ಕಾನೂನಿನಿಂದ ರದ್ದಾಗುವ ವಸ್ತುವಲ್ಲ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಲೋಕಸಭೆಯ ಚುನಾವಣೆಗೆ ನಿಂತರು. ಮೈಸೂರಿನ ಜನ 1984, 1989, 1996, 1999ರಲ್ಲಿ ಅವರನ್ನು ಗೆಲ್ಲಿಸಿದರು. 1991 ಮತ್ತು 2004ರಲ್ಲಿ ಸೋಲಿಸಿದರು. 2024ರಲ್ಲಿ ಅದೇ ಮನೆತನದ ಯದುವೀರ ಒಡೆಯರನ್ನು ಆರಿಸಿ ಕಳಿಸಿದರು. ದಸರೆಯ ದಿನ ಕೈಮುಗಿದ ಅದೇ ಜನ ಮತದಾನದ ದಿನ ತಮಗೆ ತೋಚಿದಂತೆ ನಡೆದುಕೊಂಡರು. ಗೌರವ ಬೇರೆ, ಅಧಿಕಾರ ಬೇರೆ ಎಂಬ ಈ ವಿವೇಕವೇ ನಮ್ಮ ನಾಡಿನ ನಿಜವಾದ ಜನಮತವೆಂದು ನನಗೆ ತೋರುತ್ತದೆ. ನೆರೆಯ ನೇಪಾಳದಲ್ಲಿ ಅರಸೊತ್ತಿಗೆ 2008ರವರೆಗೂ ನಡೆದು, ರಕ್ತಪಾತದ ಒಂದು ದಶಕದ ಬಳಿಕ ಅಳಿಯಿತು. ಅದನ್ನು ನೆನೆದರೆ ನಮ್ಮವರ ಈ ವಿವೇಕದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಪ್ರಜೆ ಎಂಬ ಶಬ್ದವನ್ನೇ ನೋಡಿರಿ. ಸಂಸ್ಕೃತದಲ್ಲಿ ಅದಕ್ಕೆ ಸಂತಾನವೆಂಬ ಅರ್ಥವಿದೆ. ಅರಸನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆ ಆ ಶಬ್ದದೊಳಗೇ ಅಡಗಿದೆ. ಮಕ್ಕಳು ಬೇಡಬಹುದು, ಹಟ ಹಿಡಿಯಬಹುದು. ಮನೆಯ ಲೆಕ್ಕ ಕೇಳುವಂತಿಲ್ಲ. ಅದೇ ಶಬ್ದಕ್ಕೆ 'ಪ್ರಭುತ್ವ'ವನ್ನು ಜೋಡಿಸಿ ಪ್ರಜಾಪ್ರಭುತ್ವವೆಂದು ಕರೆದಾಗ ಮಕ್ಕಳು ಬೆಳೆದು ಮನೆಯ ಯಜಮಾನಿಕೆ ವಹಿಸಿಕೊಂಡಂತಾಯಿತು. ಬಿಜ್ಜಳನ ಭಂಡಾರಿಯಾಗಿದ್ದೂ ಅರಮನೆಗೆ ಮನಸ್ಸನ್ನು ಒತ್ತೆಯಿಡದ ಬಸವಣ್ಣನವರನ್ನೂ, ಬಂಕಾಪುರದ ದಣ್ಣಾಯಕತನವನ್ನು ತೊರೆದು ಹೋದರೆಂದು ನಾಡು ನೆನೆಯುವ ಬಾಡದ ಕನಕದಾಸರನ್ನೂ ಬಲ್ಲ ನಮಗೆ ಇದು ಹೊಸ ಪಾಠವಾಗಬೇಕಿಲ್ಲ.

ಆದ್ದರಿಂದ ಹಿರಿಯರ ಆ ಮಾತಿಗೆ ಮರಳೋಣ. ಅರಸರ ಕಾಲವೇ ಲೇಸಾಗಿತ್ತೇ? ಒಳ್ಳೆಯ ಅರಸನಿದ್ದಾಗ ಕೆಲವು ಕೆಲಸಗಳು ಲೇಸಾಗಿಯೇ ನಡೆದವು. ಕನ್ನಂಬಾಡಿಯ ನೀರು ಇಂದಿಗೂ ಅದನ್ನು ಹೇಳುತ್ತಿದೆ. ಆದರೆ ಅರಸನ ಕಡೆಯವರಿಂದ ಅನ್ಯಾಯವಾದಾಗ ಪ್ರಜೆಗೆ ಇದ್ದ ಮದ್ದು ನಗರದ ಬಂಡಾಯ, ಇಲ್ಲವೇ ಈಸೂರಿನ ಗಲ್ಲು. ಇಂದಿನ ಮದ್ದು ಒಂದು ಮತ. ಐದು ವರ್ಷಕ್ಕೊಮ್ಮೆ ಯಾರ ರಕ್ತವನ್ನೂ ಹರಿಸದೆ ಆಳುವವರನ್ನು ಬದಲಿಸುವ ಹಕ್ಕನ್ನು ನಮ್ಮ ಹಿಂದಿನ ತಲೆಮಾರು ಬಹಳ ದುಬಾರಿ ಬೆಲೆಗೆ ಕೊಂಡು ನಮಗೆ ಅಗ್ಗದಲ್ಲಿ ಕೊಟ್ಟುಹೋಗಿದೆ. ಅಗ್ಗಕ್ಕೆ ಬಂದ ವಸ್ತುವಿನ ಮೇಲೆ ಅಸಡ್ಡೆ ಸಹಜ. ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪದೆಂಬ ಗಾದೆಯನ್ನು ನಾವು ನಿರಾಶೆಯಿಂದ ಆಡುತ್ತೇವೆ. ಯಾರ ರಾಜ್ಯವಾದರೂ ನಮ್ಮ ಪಾಲಿನ ಕೆಲಸ ನಾವೇ ಮಾಡಬೇಕೆಂಬ ಅರ್ಥವೂ ಅದಕ್ಕಿದೆ.

ಬಂಕಾಪುರದ ಶಾಸನದಲ್ಲಿ ಅರಸ ಅರಸಿಯರೊಡನೆ ನಿಂತ ಮಹಾಜನರು ಇಂದು ಒಬ್ಬರೇ ನಿಂತಿದ್ದಾರೆ. ಪಕ್ಕದಲ್ಲಿ ಅರಸನಿಲ್ಲ, ತಪ್ಪಾದರೆ ದೂರಲು ಅರಮನೆಯಿಲ್ಲ. ಒಡೆದ ಕೆರೆಯ ಏರಿಯ ಮೇಲೆ ನಿಂತು ಇನ್ನೊಮ್ಮೆ ಆ ಹಳೆಯ ಮಾತು ನಾಲಗೆಗೆ ಬಂದಾಗ, ವಾಚಕರೇ, ಈ ಕೆರೆಗೆ ಈಗ ಅರಸು ಯಾರೆಂದು ಒಮ್ಮೆ ಕೇಳಿಕೊಳ್ಳಿರಿ. ಗ್ರಾಮಸಭೆ ಕೂಡುವ ದಿನ ನೀವು ಎಲ್ಲಿದ್ದಿರಿ ಎಂಬುದನ್ನೂ ಅದರೊಡನೆ ನೆನಪಿಸಿಕೊಳ್ಳಿರಿ.